ಸ್ವಾಹಿಲಿ ಕಲಿಯಲು ಹೊರಟಿದ್ದೀರಾ? ತುರಿಮಣೆ ಮುಂದೆ ಕೂರಿ

ಪೂರ್ವ ಆಫ್ರಿಕಾದ ಈ ಭಾಷೆ ಕಲಿಯಲು ಮೊದಲ ಪ್ರಶ್ನೆ, ಯಾವ ಊರು? ಕೀನ್ಯಾದ ನೈರೋಬಿ ಬೇಡ ಅನ್ನುತ್ತೇನೆ. ಊರು ಚೆನ್ನಾಗಿದೆ, ಆದರೆ ಅಲ್ಲಿ ಇಂಗ್ಲಿಷಿನಲ್ಲೇ ಎಲ್ಲ ಕೆಲಸ ಆಗಿಬಿಡುತ್ತದೆ. ಟಾಂಜಾನಿಯಾದ ದ್ವೀಪ ಜಾಂಜಿಬಾರ್‌ಗೆ ಹೋಗಿ. 1928ರಲ್ಲಿ ಕೀನ್ಯಾದ ಮೊಂಬಾಸಾದಲ್ಲಿ ಸಭೆ ಸೇರಿ ಶಿಷ್ಟ ಸ್ವಾಹಿಲಿಗೆ ಬುನಾದಿ ಅಂತ ಆರಿಸಿದ್ದು ಇಲ್ಲಿನ ಆಡುಮಾತನ್ನೇ. ಜಾಂಜಿಬಾರ್ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವಿದೇಶಿಯರಿಗೆಂದೇ ತರಗತಿಗಳಿವೆ.

ಹೊರಡುವ ಮೊದಲು ಮನೆಯಲ್ಲೇ ಒಂದಿಷ್ಟು ಕಲಿತುಕೊಳ್ಳಿ. ಕ್ರಿಯಾಪದಕ್ಕೆ ಹೆದರಬೇಡಿ. ‘ಬರುತ್ತೇನೆ’ ಅನ್ನುವ ಒಂದೇ ಪದದಲ್ಲಿ ಯಾರು, ಯಾವಾಗ ಎರಡೂ ಸಿಗುತ್ತದಲ್ವಾ? ಸ್ವಾಹಿಲಿಯ ‘ನಿಟಾಕುಜಾ’ ಕೂಡ ಹಾಗೇ. ‘ನಿ’ ಅಂದರೆ ನಾನು, ‘ಟಾ’ ಮುಂದಾಗುವುದರ ಗುರುತು, ‘ಕುಜಾ’ ಅಂದರೆ ಬರುವುದು. ನಾವು ಬಾಲಕ್ಕೆ ಅಂಟಿಸುವುದನ್ನು ಅವರು ತಲೆಗೆ ಅಂಟಿಸುತ್ತಾರೆ, ಅಷ್ಟೆ. ಜೀವ ತಿನ್ನುವುದು ನಾಮಪದಗಳ ಗುಂಪು. ಒಂದು ಪುಸ್ತಕ ‘ಕಿಟಾಬು’, ಹಲವಾದರೆ ‘ವಿಟಾಬು’. ಜೊತೆಗೆ ‘ನನ್ನ’ ಅನ್ನುವ ಪದವೂ ವೇಷ ಬದಲಿಸುತ್ತದೆ: ಕಿಟಾಬು ಚಾಂಗು, ವಿಟಾಬು ವ್ಯಾಂಗು. ಇವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಿ. ಕೆಲವು ಪದಗಳು ಪುಕ್ಕಟೆ ಸಿಗುತ್ತವೆ: ಚಪಾತಿ ಚಪಾತಿಯೇ, ಬಿಮಾ ವಿಮೆ, ಆಟೊರಿಕ್ಷಾಕ್ಕೆ ‘ಬಜಾಜಿ’!

ಕಾಗದಪತ್ರದಲ್ಲಿ ಸಡಿಲ ಬಿಡಬೇಡಿ. ಕಲಿಯುತ್ತಲೇ ಅಲ್ಲಿ ಕೆಲಸವನ್ನೂ ಮಾಡುವುದಾದರೆ, ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೂ ಟೂರಿಸ್ಟ್ ವೀಸಾ ಸಾಲದು, ಪರವಾನಗಿ ಬೇಕು. ಅದನ್ನು ಯಾರು ಮಾಡಿಸಿಕೊಡುತ್ತಾರೆ, ಖರ್ಚು ಯಾರದು ಅಂತ ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆಯಿಂದ ಬರವಣಿಗೆಯಲ್ಲೇ ಪಡೆಯಿರಿ. 2024ರ ಅಕ್ಟೋಬರ್‌ನಿಂದ ಜಾಂಜಿಬಾರ್‌ಗೆ ಹೋಗುವ ವಿದೇಶಿಯರು ಅಲ್ಲಿನದೇ ಪ್ರಯಾಣ ವಿಮೆ ಕೊಳ್ಳಬೇಕು. ದಾರಿಯಲ್ಲಿ ಕೀನ್ಯಾ ಸುತ್ತುವ ಆಸೆಯಿದ್ದರೆ ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲೇ ಆಗಿರಲಿ. ಪ್ಲಾಸ್ಟಿಕ್ ಕೈಚೀಲ ಒಯ್ಯಬೇಡಿ, ಟಾಂಜಾನಿಯಾದಲ್ಲಿ 2019ರಿಂದ ನಿಷೇಧ.

ಉಳಿಯಲು ಹಾಸ್ಟೆಲ್ ಬೇಡ, ಅಲ್ಲಿನ ಕುಟುಂಬವೊಂದು ಇರುವ ಮನೆ ಹುಡುಕಿ. ಭಾಷೆ ಇರುವುದು ಅಡುಗೆಮನೆಯಲ್ಲಿ. ಅಲ್ಲಿ ನಮ್ಮದೇ ತುರಿಮಣೆ ನೋಡಿ ನನಗೆ ಊರು ನೆನಪಾಯಿತು. ಕೂರಲು ಪುಟ್ಟ ಮಣೆ, ಮುಂದೆ ಹಲ್ಲು ಹಲ್ಲಾದ ಕಬ್ಬಿಣ. ಹೆಸರು ಮಾತ್ರ ‘ಮ್ಬುಜಿ’, ಅಂದರೆ ಮೇಕೆ! ಮನೆಯ ಅಮ್ಮ ಒಂದು ದಿನ ನನ್ನ ಕಡೆ ನೋಡಿ “ಕುನಾ ನಾಜಿ” ಅಂದರು. ನಾಜಿ ಅಂದರೆ ತೆಂಗಿನಕಾಯಿ, ಕುನಾ ಅಂದರೆ ‘ಇದೆ’. ಕಾಯಿ ಇದೆಯಂತೆ, ಇರಲಿ ಅಂತ ಸುಮ್ನೆ ತಲೆಯಾಡಿಸಿ ಕೂತೆ. ಅವರು ಮೇಕೆಯನ್ನು ಕಾಲಲ್ಲಿ ನನ್ನತ್ತ ತಳ್ಳಿದಾಗಲೇ ಗೊತ್ತಾಗಿದ್ದು, ‘ಕುನಾ’ ಅಂದರೆ ‘ತುರಿ’ ಅಂತಲೂ ಅರ್ಥ. ತರಗತಿಯಲ್ಲಿ ಮರೆತ ಪದ ಎಷ್ಟೋ, ಇದೊಂದು ಮರೆತಿಲ್ಲ.

ಇನ್ನು ಇಂಟರ್ನ್‌ಶಿಪ್. ನಿಮ್ಮ ಇಂಗ್ಲಿಷ್ ಯಾರಿಗೂ ಬೇಡದ ಜಾಗ ಆರಿಸಿ. ಎರಡು ವಾರ ಅನಾಥಾಲಯದಲ್ಲಿ ಇಂಗ್ಲಿಷ್ ಹೇಳಿಕೊಡುವ ಪ್ಯಾಕೇಜ್‌ಗಳಿಗೆ ಹೋಗಬೇಡಿ. ಮಕ್ಕಳು ಹಚ್ಚಿಕೊಳ್ಳುವ ಹೊತ್ತಿಗೆ ನೀವು ವಿಮಾನ ಹತ್ತಿರುತ್ತೀರಿ, ಸ್ವಾಹಿಲಿಯೂ ಬಂದಿರುವುದಿಲ್ಲ. ಪೂರ್ವ ಕರಾವಳಿಯ ಪಾಜೆ, ಜಂಬಿಯಾನಿ ಕಡೆ ಹೆಂಗಸರು ಸಮುದ್ರದ ಪಾಚಿ ಬೆಳೆಯುತ್ತಾರೆ, ಅದಕ್ಕೆ ‘ಮ್ವಾನಿ’ ಅನ್ನುತ್ತಾರೆ. ನೀರು ಇಳಿದಾಗ ಗೂಟಕ್ಕೆ ಕಟ್ಟಿದ ಹಗ್ಗಕ್ಕೆ ಪಾಚಿ ತುಂಡು ಕಟ್ಟುವ ಕೆಲಸ. ಅಂಥ ಗುಂಪಿನ ಜೊತೆ ಒಂದು ತಿಂಗಳು ಕೈಜೋಡಿಸಿದರೆ ಕೈ ಕೆಲಸ ಮಾಡುತ್ತದೆ, ಕಿವಿ ಕಲಿಯುತ್ತದೆ.

ಗಡಿಯಾರದ ಬಗ್ಗೆ ಎಚ್ಚರ! ‘ಸಾ ಮ್ಬಿಲಿ’ಗೆ, ಅಂದರೆ ಎರಡು ಗಂಟೆಗೆ, ಬಾ ಅಂದರೆಂದು ನಾನು ಮಧ್ಯಾಹ್ನ 2ಕ್ಕೆ ಹೋದೆ. ಅವರು ಕರೆದಿದ್ದು ಬೆಳಗ್ಗೆ 8ಕ್ಕೆ. ಅಲ್ಲಿ ಲೆಕ್ಕ ಶುರುವಾಗುವುದು ಬೆಳಗ್ಗೆ 6ರಿಂದ. ಕೇಳಿದ ಗಂಟೆಗೆ 6 ಕೂಡಿಸಿ.

ಹಿರಿಯರು ಎದುರಾದರೆ ‘ಶಿಕಮೋ’ ಅನ್ನಿ, ಅವರು ‘ಮರಹಬಾ’ ಅನ್ನುತ್ತಾರೆ. ‘ಜಾಂಬೋ’ ಟೂರಿಸ್ಟರಿಗೆ ಇರಲಿ. ಸಂಜೆ ಜಾಂಜಿಬಾರ್ ನಗರದ ಹಳೇ ಭಾಗವಾದ ಸ್ಟೋನ್ ಟೌನ್‌ನ ಗಲ್ಲಿಗಳಲ್ಲಿ ಮನೆಗಳ ಮುಂದೆ ಕಲ್ಲಿನ ಜಗುಲಿ ಕಾಣುತ್ತದೆ, ಅದಕ್ಕೆ ‘ಬರಾಜಾ’ ಅನ್ನುತ್ತಾರೆ. ಯಾರಾದರೂ “ಕರಿಬು” (ಬನ್ನಿ) ಅಂತ ಕರೆದರೆ ಕೂತುಬಿಡಿ. ನೋಟ್‌ಬುಕ್ ಚೀಲದಲ್ಲೇ ಇರಲಿ. ಕಾಫಿಯವನು ಬಂದರೆ ಪುಟ್ಟ ಲೋಟದ ಕಪ್ಪು ಕಾಫಿ ತೆಗೆದುಕೊಳ್ಳಿ, ಜೊತೆಗೆ ‘ಕಶಾಟಾ’ ಸಿಗುತ್ತದೆ, ನಮ್ಮ ಕೊಬ್ಬರಿ ಮಿಠಾಯಿಯ ಹತ್ತಿರದ ನೆಂಟ. ಹಾಲು ಮಾತ್ರ ಕೇಳಬೇಡಿ.