ಮರಳ ದಿಬ್ಬದಲ್ಲಿ ಅಡುಂಬು ಬಳ್ಳಿ ಬೆಳೆಸುವ ಬಗೆ

ಕರಾವಳಿಯ ಮರಳ ದಿಬ್ಬ ಹಿಡಿದಿಡಲು ಅಡುಂಬು ಬಳ್ಳಿಯಷ್ಟು ಸುಲಭದ ಗಿಡ ಇನ್ನೊಂದಿಲ್ಲ. ಆಡಿನ ಗೊರಸಿನಂತೆ ಸೀಳಿದ ಎಲೆ, ನೇರಳೆ-ಗುಲಾಬಿ ಹೂವು, ಗುರುತಿಸಲು ಕಷ್ಟವಿಲ್ಲ.

ನೆಡಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯದು. ಆಗ ಕಡಲಿನ ಅಬ್ಬರ ತಗ್ಗಿರುತ್ತದೆ, ಮರಳಲ್ಲಿ ತೇವವೂ ಉಳಿದಿರುತ್ತದೆ. ಜೂನ್‌ನಲ್ಲಿ ನೆಟ್ಟರೆ ಬೇರೂರುವ ಮೊದಲೇ ಅಲೆ ಕೊಚ್ಚಿಕೊಂಡು ಹೋಗುತ್ತದೆ.

ಬಲಿತ ಬಳ್ಳಿಯಿಂದ ಸುಮಾರು 40 ಸೆಂ.ಮೀ. ತುಂಡು ಕತ್ತರಿಸಿ, ನಾಲ್ಕೈದು ಗೆಣ್ಣು ಇರಲಿ. ಒಂದೇ ಬಳ್ಳಿಯನ್ನು ಬೋಳಿಸಬೇಡಿ, ಅದೂ ದಿಬ್ಬ ಕಾಯುತ್ತಿದೆ. ಬುಡದ ಎಲೆ ತೆಗೆದು, ಎರಡು-ಮೂರು ಗೆಣ್ಣು ಮುಚ್ಚುವಂತೆ 10 ಸೆಂ.ಮೀ. ಆಳದಲ್ಲಿ ಓರೆಯಾಗಿ ಮಲಗಿಸಿ, ಮರಳನ್ನು ಒತ್ತಿ. ಬೇರು ಬರುವುದು ಗೆಣ್ಣಿನಿಂದಲೇ. ಒಂದೊಂದು ಮೀಟರ್ ಅಂತರ ಸಾಕು. ಜಾಗ ಮಾತ್ರ ಉಬ್ಬರದ ಗುರುತಿಗಿಂತ ಮೇಲಿರಲಿ.

ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಉಪ್ಪುಕಾಗದದಲ್ಲಿ ಒಂದು ಬದಿ ಉಜ್ಜಿ, ರಾತ್ರಿಯಿಡೀ ನೆನೆಸಿ, ಉಬ್ಬಿದ್ದನ್ನು ಬಿತ್ತಿ.

ಗೊಬ್ಬರ ಬೇಡ, ಅದು ಕಳೆಯನ್ನು ಕರೆಯುತ್ತದೆ. ಗಾಳಿಮರದ ದಟ್ಟ ನೆರಳಲ್ಲಿ ಬಳ್ಳಿ ಸೊರಗುತ್ತದೆ. ಮೊದಲ ಮಳೆಗಾಲ ದಾಟುವವರೆಗೆ ಜನ, ವಾಹನ ತುಳಿಯದಂತೆ ಗೂಟ ನೆಟ್ಟು ಹಗ್ಗ ಕಟ್ಟಿ.