ಹಂದಿ ಶೆಡ್ಡಿಗೆ ಚೀಲ ಇಳಿಸುವ ಮೊದಲು

ಹೊಸ ಮರಿ ತರುವಾಗ ನಮ್ಮವರು ಹತ್ತು ಸಲ ಯೋಚಿಸುತ್ತಾರೆ. ಮೆಕ್ಕೆಜೋಳದ ಚೀಲವನ್ನು ಮಾತ್ರ ಕಣ್ಣು ಮುಚ್ಚಿ ಒಳಗೆ ಬಿಡುತ್ತಾರೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡ ಮೇಲೂ ಈ ಅಭ್ಯಾಸ ಹೋಗಿಲ್ಲ. ಈ ಜ್ವರ ಮನುಷ್ಯರಿಗೆ ಅಂಟುವುದಿಲ್ಲ. ಹಂದಿಗೆ ಬಂದರೆ ಚಿಕಿತ್ಸೆಯಿಲ್ಲ. ಮಾಮೂಲಿ ಹಂದಿ ಜ್ವರದ ಲಸಿಕೆ ಇದಕ್ಕೆ ನಾಟುವುದಿಲ್ಲ.

ಹರಿಹರದ ಬಳಿಯ ನಮ್ಮ ಶೆಡ್ಡಿಗೆ ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ, ಗಿರಣಿಯಿಂದ ಅಕ್ಕಿ ತೌಡು, ಚಳ್ಳಕೆರೆಯಿಂದ ಶೇಂಗಾ ಹಿಂಡಿ ಬರುತ್ತವೆ. ರೋಗ ಹೊತ್ತು ತರುವ ವಿಷಯದಲ್ಲಿ ಕಾಳಿಗಿಂತ ನನಗೆ ಅನುಮಾನ ಚೀಲದ ಮೇಲೆ. 2013ರಲ್ಲಿ ಅಮೆರಿಕದಲ್ಲಿ ಹಂದಿಮರಿಗಳ ಭೇದಿ ವೈರಸ್ ಹರಡಿದಾಗ ತನಿಖೆ ಮಾಡಿದವರು ಸರಕು ತುಂಬುವ ದೊಡ್ಡ ಚೀಲಗಳನ್ನೂ ಶಂಕಿಸಿದ್ದರು. ನಮ್ಮಲ್ಲಂತೂ ಒಂದು ಫಾರ್ಮಿನ ಖಾಲಿ ಚೀಲ ಇನ್ನೊಂದಕ್ಕೆ ಹೋಗುವುದು ದಿನದ ಮಾತು. ವ್ಯಾಪಾರಿ ಗೊಣಗಲಿ, ಹೊಸ ಚೀಲದ ದುಡ್ಡು ಕೊಟ್ಟುಬಿಡಿ.

ಗಾಡಿ ಗೇಟಿನ ಹೊರಗೇ ನಿಲ್ಲಲಿ. ಒಳಗಿನ ಆಳು, ಒಳಗಿನ ಕೈಗಾಡಿಯೇ ಚೀಲ ಸಾಗಿಸಲಿ. ಚಾಲಕ ಹಂದಿ ನೋಡಬೇಕೆಂದರೆ ಚಹಾ ಕೊಟ್ಟು ಹೊರಗೆ ಕೂರಿಸಿ. ಚಕ್ರಕ್ಕೆ ಅಂಟಿದ ಸಗಣಿ ಉಜ್ಜಿ ತೊಳೆಯದೆ ಸೋಂಕುನಾಶಕ ಸಿಂಪಡಿಸಿದರೆ ಔಷಧಿ ದಂಡ.

ತಂದ ಕಾಳು, ಹಿಂಡಿಯನ್ನು ಸಾಧ್ಯವಾದರೆ ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು ಆಮೇಲೆ ಬಳಸಿ. ದಿನ ಕಳೆದಂತೆ ವೈರಸ್ ಕುಗ್ಗುತ್ತದೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಆದರೆ ಮೆಕ್ಕೆಜೋಳದ ತೇವಾಂಶ ಶೇ 14 ಮೀರಿದ್ದರೆ ಬೂಷ್ಟು ಹಿಡಿಯುತ್ತದೆ. ಮೊದಲು ಕಣದಲ್ಲಿ ಒಣಗಿಸಿ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಹೋಟೆಲ್ ಮುಸುರೆ. ಅದರಲ್ಲಿನ ಹಂದಿ ಮಾಂಸದ ಚೂರಿನಲ್ಲಿ ವೈರಸ್ ಇರಬಹುದು. 2007ರಲ್ಲಿ ಈ ಜ್ವರ ಜಾರ್ಜಿಯಾ ದೇಶಕ್ಕೆ ಕಾಲಿಟ್ಟದ್ದು ಹಡಗಿನಲ್ಲಿ ಉಳಿದ ಊಟವನ್ನು ಹಂದಿಗಳು ತಿಂದದ್ದರಿಂದ ಎಂದೇ ನಂಬಲಾಗಿದೆ. ಬೆಣ್ಣೆದೋಸೆ ಹೋಟೆಲಿನ ಮುಸುರೆಯಲ್ಲಿ ಮಾಂಸ ಎಲ್ಲಿಂದ ಬರಬೇಕು ಎನ್ನುತ್ತಾರೆ. ಸರಿ, ಆದರೆ ಮಾಂಸದೂಟದ ಖಾನಾವಳಿಯ ಮುಸುರೆ ತರುವ ಡ್ರಮ್ಮೂ ಅದೇ ಅಲ್ಲವೇ? ಬಿಟ್ಟೇಬಿಡಿ ಎನ್ನುತ್ತೇನೆ ನಾನು. ಬಿಡಲಾಗದವರು ಕೊತಕೊತ ಕುದಿಸಿ, 90 ಡಿಗ್ರಿಗಿಂತ ಇಳಿಯದಂತೆ ತಿರುವುತ್ತ ಪೂರ್ತಿ ಒಂದು ಗಂಟೆ ಬೇಯಿಸಲಿ. ಹಸಿಯದನ್ನು ಮುಟ್ಟಿದ ಬಕೆಟ್ಟನ್ನು ಬೆಂದದ್ದಕ್ಕೆ ಅದ್ದಬಾರದು.

ಯಾವ ದಿನ, ಯಾವ ಗಾಡಿ, ಯಾರ ಮಾಲು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಂದಿಗಳು ತಿನ್ನುವುದು ಬಿಟ್ಟು, ಮೈ ಸುಡುತ್ತ, ಕಿವಿ ಕೆಂಪಾಗಿ ಒಂದರ ಹಿಂದೆ ಒಂದು ಸತ್ತರೆ ಮಾರಲು ಓಡಬೇಡಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಬಂದ ಪಶುವೈದ್ಯರಿಗೆ ಮೊದಲು ಆ ನೋಟ್‌ಬುಕ್ ತೋರಿಸಿ.