ಎರಡು ತುಂಡಿನ ರಬ್ಬರ್ ಡ್ರೈಸೂಟ್: ನಾನೇ ಅಂಟಿಸಿ ಮಾಡಿದ ಬಗೆ

ಡ್ರೈಸೂಟ್ ಎಂದರೆ ತಣ್ಣೀರಿನಲ್ಲಿ ಮುಳುಗುವಾಗ ಮೈ ಒದ್ದೆಯಾಗದಂತೆ ತೊಡುವ ಉಡುಪು. ಅದರೊಳಗೆ ನೀರು ಬಂದರೆ ಅದು ರಬ್ಬರಿನ ಹಾಳೆಯನ್ನು ದಾಟಿ ಬಂದಿರುವುದು ತೀರ ಅಪರೂಪ. ಮುಖ, ಮಣಿಕಟ್ಟು ಅಥವಾ ಸೊಂಟದ ಬಳಿಯ ಬಾಯಿಯಿಂದಲೋ, ಎರಡು ಹಾಳೆಗಳು ಕೂಡುವ ಅಂಟಿನ ಗೆರೆಯಿಂದಲೋ ಅದು ಬಂದಿರುತ್ತದೆ. 1950ರ ದಶಕದ ಮಾದರಿಯ ಡ್ರೈಸೂಟೊಂದನ್ನು ಮನೆಯಲ್ಲೇ ತಯಾರಿಸಿ, ಅದನ್ನು ತೊಟ್ಟು ಇಂಗ್ಲೆಂಡಿನ ತಣ್ಣೀರಿನಲ್ಲಿ ಈಜುತ್ತಿರುವ ನನಗೆ ಈ ಕೆಲಸದ ಸಾರವೆಲ್ಲ ಅಷ್ಟರಲ್ಲೇ ಇದೆ ಎಂದು ಮನವರಿಕೆಯಾಗಿದೆ. ಆದ್ದರಿಂದ ಅಳತೆ, ಕತ್ತರಿಸುವಿಕೆಗಳನ್ನು ಬೇಗ ಮುಗಿಸಿ, ಅಂಟು ಮತ್ತು ಬಾಯಿಗಳ ಬಗ್ಗೆ ವಿವರವಾಗಿ ಬರೆಯುತ್ತೇನೆ.

ಇಂದಿನ ಡ್ರೈಸೂಟಿನಲ್ಲಿ ನೀರು ನುಗ್ಗದ ಜಿಪ್, ಎದೆಯ ಮೇಲೆ ಗಾಳಿ ತುಂಬುವ ವಾಲ್ವ್, ತೋಳಿನ ಮೇಲೆ ಗಾಳಿ ಬಿಡುವ ವಾಲ್ವ್ ಇರುತ್ತವೆ. ಹಳೆಯ ತೆಳು ರಬ್ಬರಿನ ಸೂಟುಗಳಲ್ಲಿ ಇವು ಯಾವುವೂ ಇರಲಿಲ್ಲ. 1941ರ ಡಿಸೆಂಬರಿನಲ್ಲಿ ಇಟಲಿಯ ನೌಕಾಪಡೆಯ ಡೈವರ್‌ಗಳು ನೀರಿನಡಿ ಸವಾರಿ ಮಾಡುವ ‘ಮಾನವ ಟಾರ್ಪಿಡೊ’ಗಳನ್ನೇರಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನೊಳಕ್ಕೆ ನುಸುಳಿ ಬ್ರಿಟನ್ನಿನ ಎರಡು ಯುದ್ಧನೌಕೆಗಳಿಗೆ ಸ್ಫೋಟಕ ಇಟ್ಟಾಗ ಅವರು ತೊಟ್ಟಿದ್ದದ್ದು ಇಂಥ ರಬ್ಬರ್ ಉಡುಪನ್ನೇ. ಅದಕ್ಕೆ ಪ್ರತಿಯಾಗಿ ಬ್ರಿಟಿಷರು ರೂಪಿಸಿದ ಸ್ಲೇಡನ್ ಸೂಟಿನಲ್ಲಿ ಹೊಟ್ಟೆಯ ಭಾಗದಲ್ಲಿದ್ದ ಅಗಲವಾದ ರಬ್ಬರ್ ಕೊಳವೆಯ ಮೂಲಕ ಒಳಹೊಕ್ಕು, ಆಮೇಲೆ ಆ ಕೊಳವೆಯನ್ನು ಮಡಚಿ ಬಿಗಿಯಬೇಕಿತ್ತು. ಅದನ್ನು ತೊಡಬೇಕಾಗಿದ್ದವರು ಅದಕ್ಕೆ ‘ಕ್ಲ್ಯಾಮಿ ಡೆತ್’ (ತಣ್ಣಗೆ ಅಂಟುವ ಸಾವು) ಎಂಬ ಅಡ್ಡಹೆಸರು ಇಟ್ಟಿದ್ದರು. ಬೆವರು ಹೊರಹೋಗಲು ದಾರಿಯಿಲ್ಲದ ರಬ್ಬರು ತಣ್ಣಗೆ ಮೈಗೆ ಅಂಟಿಕೊಳ್ಳುವುದನ್ನು ಅನುಭವಿಸಿದ ಮೇಲೆ ಆ ಹೆಸರಿನಲ್ಲಿ ಉತ್ಪ್ರೇಕ್ಷೆ ಇಲ್ಲವೆಂದು ನನಗೆ ತಿಳಿಯಿತು. ಯುದ್ಧ ಮುಗಿದ ನಂತರ ಹವ್ಯಾಸಿಗಳೂ ಇದೇ ಬಗೆಯ ಸೂಟುಗಳನ್ನು ತೊಟ್ಟು ಸಮುದ್ರಕ್ಕೆ ಇಳಿದರು. 1952ರಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನಿಯೋಪ್ರೀನ್ ಎಂಬ ಕೃತಕ ರಬ್ಬರಿನ, ಒಳಗೆ ನೀರು ಬಂದರೂ ಬೆಚ್ಚಗಿಡುವ ವೆಟ್‌ಸೂಟನ್ನು ರೂಪಿಸಿದ ಮೇಲೆ ಇವು ಕ್ರಮೇಣ ಹಿಂದೆ ಸರಿದವು. ಇಂಗ್ಲೆಂಡಿನ ದಕ್ಷಿಣ ತೀರದ ಗೋಸ್‌ಪೋರ್ಟಿನಲ್ಲಿರುವ ಡೈವಿಂಗ್ ಮ್ಯೂಸಿಯಂ ಹಳೆಯ ಡೈವಿಂಗ್ ಸಾಮಗ್ರಿಯನ್ನು ಕಣ್ಣಾರೆ ನೋಡಬಯಸುವವರಿಗೆ ಒಳ್ಳೆಯ ಜಾಗ.

ಜಿಪ್ ಇಲ್ಲದ ಉಡುಪಿನೊಳಗೆ ಹೋಗಲು ಹಳಬರು ಮುಖ್ಯವಾಗಿ ಮೂರು ದಾರಿ ಕಂಡುಕೊಂಡಿದ್ದರು. ಎದೆ ಅಥವಾ ಹೊಟ್ಟೆಯ ಮೇಲಿನ ಕೊಳವೆ ಒಂದು. ಕುತ್ತಿಗೆಯ ಬಾಯಿಯನ್ನೇ ಭುಜ ತೂರುವಷ್ಟು ಹಿಗ್ಗಿಸಿ ಒಳಗೆ ಇಳಿಯುವುದು ಇನ್ನೊಂದು. ಅಂಗಿ ಮತ್ತು ಪ್ಯಾಂಟನ್ನು ಬೇರೆಬೇರೆಯಾಗಿ ತೊಟ್ಟು ಸೊಂಟದಲ್ಲಿ ಎರಡರ ಅಂಚನ್ನೂ ಸೇರಿಸಿ ಸುರುಳಿ ಸುತ್ತುವುದು ಮೂರನೆಯದು. ನಾನು ಆರಿಸಿಕೊಂಡದ್ದು ಮೂರನೆಯದನ್ನು. ಕುತ್ತಿಗೆಯ ಮೂಲಕ ತೊಡುವ ಸೂಟಿಗೆ ರಬ್ಬರನ್ನು ಎರಡೂ ಕಡೆಯಿಂದ ಎಳೆದು ಹಿಡಿಯುವ ನೆರವಿನವರು ಬೇಕು, ಎದೆಯ ಕೊಳವೆಯ ಗಂಟು ದಪ್ಪವಾಗಿ ಈಜುವಾಗ ಅಡ್ಡ ಬರುತ್ತದೆ. ಎರಡು ತುಂಡಿನದ್ದನ್ನಾದರೆ ಒಬ್ಬರೇ ತೊಡಬಹುದು, ಒಂದೊಂದು ಅರ್ಧವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬಹುದು, ಪ್ಯಾಂಟು ಹಾಳಾದರೆ ಅಂಗಿಯನ್ನು ಉಳಿಸಿಕೊಳ್ಳಬಹುದು. ಮೊದಲ ಬಾರಿಗೆ ಮಾಡುವ ಯಾರಿಗೇ ಆದರೂ ನಾನು ಇದನ್ನೇ ಹೇಳುತ್ತೇನೆ.

ಬೇಕಾದ ವಸ್ತು ವಲ್ಕನೀಕರಿಸಿದ ನೈಸರ್ಗಿಕ ಲ್ಯಾಟೆಕ್ಸ್ ಹಾಳೆ, ಅಂದರೆ ರಬ್ಬರ್ ಮರದ ಹಾಲಿನಿಂದ ಮಾಡಿ ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸಿದ ಹಾಳೆ. ಇದು ಮೀಟರ್ ಲೆಕ್ಕದಲ್ಲಿ, ಬೇರೆಬೇರೆ ದಪ್ಪಗಳಲ್ಲಿ ಸಿಗುತ್ತದೆ. ಮೈಭಾಗಕ್ಕೆ 0.8 ಮಿ.ಮೀ., ಮಣಿಕಟ್ಟಿಗೆ 0.5 ಮಿ.ಮೀ., ಮುಖದ ಅಂಚಿಗೆ ಅದಕ್ಕಿಂತಲೂ ತೆಳುವಾದ 0.4 ಮಿ.ಮೀ. ಹಾಳೆಯನ್ನು ಬಳಸಿದೆ. ಸುಳ್ಯ, ಪುತ್ತೂರು ಕಡೆಯವರಿಗೆ ರಬ್ಬರ್ ಶೀಟು ಎಂದ ಕೂಡಲೇ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಮೆಶಿನ್ನಿಗೆ ಕೊಟ್ಟು, ಹೊಗೆಯಲ್ಲಿ ಒಣಗಿಸಿದ ಕಂದು ಶೀಟು ನೆನಪಾಗಬಹುದು. ಅದು ಕಚ್ಚಾ ರಬ್ಬರು. ಹಾಗೆ ಗಟ್ಟಿಗೊಳಿಸದ ಕಾರಣ ಬಿಸಿಲಿಗೆ ಮೆತ್ತಗಾಗಿ ಜಿಗುಟಾಗುತ್ತದೆ, ಎಳೆದರೆ ಮೊದಲಿನ ಆಕಾರಕ್ಕೆ ಪೂರ್ತಿ ಮರಳುವುದಿಲ್ಲ. ಮೂಲ ಒಂದೇ ಆದರೂ ಅದು ಈ ಕೆಲಸಕ್ಕೆ ಒದಗುವುದಿಲ್ಲ.

ಅಳತೆಯನ್ನು ಒಳಗೆ ತೊಡುವ ಉಣ್ಣೆಯ ಬಟ್ಟೆಗಳ ಮೇಲೆಯೇ ತೆಗೆದುಕೊಳ್ಳಬೇಕು, ಏಕೆಂದರೆ ತೆಳು ರಬ್ಬರು ನೀರನ್ನು ತಡೆಯುತ್ತದೆಯೇ ಹೊರತು ಚಳಿಯನ್ನಲ್ಲ. ಬೆಚ್ಚಗಿಡುವುದು ಉಣ್ಣೆ ಮತ್ತು ಅದರಲ್ಲಿ ಸಿಕ್ಕಿಕೊಂಡ ಗಾಳಿ. ಎದೆಯ ಸುತ್ತಳತೆಗೆ ನಾನು ಸುಮಾರು 10 ಸೆಂ.ಮೀ. ಸೇರಿಸಿಕೊಂಡೆ. ಅಗಲಕ್ಕಿಂತ ಉದ್ದ ಮುಖ್ಯ: ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿದಾಗ ಬೆನ್ನಿನಲ್ಲಿ ಎಳೆತ ಬರಬಾರದು. ಕಂಕುಳಲ್ಲೂ ತೊಡೆಸಂಧಿಯಲ್ಲೂ ವಜ್ರಾಕೃತಿಯ ಪ್ರತ್ಯೇಕ ತುಂಡನ್ನು ಕೂರಿಸಿದರೆ ನಾಲ್ಕು ಗೆರೆಗಳು ಒಂದೇ ಬಿಂದುವಿನಲ್ಲಿ ಸೇರುವುದು ತಪ್ಪುತ್ತದೆ. ಪಾದಗಳನ್ನು ಕಾಲುಚೀಲದಂತೆ ಮುಚ್ಚಿಯೇ ಅಂಟಿಸಿದ್ದೇನೆ. ಕತ್ತರಿಯ ಬದಲು ಉರುಳುವ ರೋಟರಿ ಕಟರ್ ಬಳಸಬೇಕು. ಕತ್ತರಿ ಬಿಟ್ಟುಹೋದ ಒಂದು ಸಣ್ಣ ಕಚ್ಚಿನಿಂದಲೇ ಲ್ಯಾಟೆಕ್ಸ್ ಸೀಳುತ್ತಾ ಹೋಗುತ್ತದೆ.

ಈ ಉಡುಪಿನಲ್ಲಿ ಹೊಲಿಗೆ ಎಂಬುದಿಲ್ಲ, ಸೂಜಿ ಹೋದ ಕಡೆಯೆಲ್ಲ ತೂತು. ಜೋಡಣೆಯೆಲ್ಲ ರಬ್ಬರ್ ಸಲ್ಯೂಷನ್ (ದ್ರಾವಕದಲ್ಲಿ ಕರಗಿಸಿದ ರಬ್ಬರಿನ ಅಂಟು) ಒಂದರಿಂದಲೇ ಆಗಬೇಕು. ಹಾಳೆಗಳು ಒಂದಕ್ಕೊಂದು ಅಂಟದಿರಲೆಂದು ಅವುಗಳಿಗೆ ಪುಡಿ ಸವರಿರುತ್ತಾರೆ. ಆ ಪುಡಿ ಮತ್ತು ಬೆರಳಿನ ಜಿಡ್ಡು, ಇವೆರಡೇ ಅಂಟಿನ ದೊಡ್ಡ ಶತ್ರುಗಳು. ಅಂಟು ಹಚ್ಚುವ ಪಟ್ಟಿಯನ್ನು ಹೆಪ್ಟೇನ್ ಎಂಬ ದ್ರಾವಕದಲ್ಲಿ ಅದ್ದಿದ, ನೂಲು ಬಿಡದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಬಟ್ಟೆಯ ಮೇಲೆ ಬೂದು ಬಣ್ಣ ಬರುವುದು ಪೂರ್ತಿ ನಿಲ್ಲುವವರೆಗೆ ಹೊಸ ಮಗ್ಗುಲಿನಿಂದ ಒರೆಸುತ್ತಲೇ ಹೋಗುತ್ತೇನೆ. ಅಂಟಿಸುವುದಕ್ಕಿಂತ ಒರೆಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲೂ ಬೇಕು.

ಜೋಡಣೆಯ ಅಗಲ 12 ಮಿ.ಮೀ. ಎರಡೂ ಹಾಳೆಗಳಿಗೆ ಸಲ್ಯೂಷನ್ನನ್ನು ತೆಳುವಾಗಿ ಬಳಿದ ಕೂಡಲೇ ರಬ್ಬರು ದ್ರಾವಕವನ್ನು ಹೀರಿ ಉಬ್ಬುತ್ತದೆ, ಅಂಚು ಅಲೆಅಲೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಮೊದಲ ಸಲ ನೋಡಿದವರಿಗೆ ಹಾಳೆ ಕೆಟ್ಟೇಹೋಯಿತು ಎನಿಸಬಹುದು. ಹಾಗೇ ಬಿಟ್ಟರೆ ದ್ರಾವಕ ಆರುತ್ತಾ ಹೋದಂತೆ ಅಂಚು ತಾನಾಗಿ ಮತ್ತೆ ಚಪ್ಪಟೆಯಾಗುತ್ತದೆ, ಹೊಳಪು ಇಳಿಯುತ್ತದೆ, ಬೆರಳಿನ ಗೆಣ್ಣಿನಿಂದ ಮುಟ್ಟಿದರೆ ಅಂಟಿದಂತಾಗಿ ಬಿಡುತ್ತದೆ. ಕೂಡಿಸಬೇಕಾದ ಹೊತ್ತು ಅದೇ. ಗಡಿಯಾರವನ್ನು ನೋಡಿ ಇದನ್ನು ನಿರ್ಧರಿಸುವಂತಿಲ್ಲ. ಕೋಣೆಯ ಉಷ್ಣತೆಗೆ ತಕ್ಕಂತೆ ಅದು ಬದಲಾಗುತ್ತದೆ, ಸುರುಳಿ ಬಿಚ್ಚಿಕೊಂಡದ್ದನ್ನೇ ಗುರುತಾಗಿ ಇಟ್ಟುಕೊಳ್ಳಬೇಕು. ಒಮ್ಮೆ ತಾಗಿದ ಮೇಲೆ ಸರಿಸಲು ಬರುವುದಿಲ್ಲವಾದ್ದರಿಂದ ಉದ್ದದ ಗೆರೆಗಳ ನಡುವೆ ಬೇಕಿಂಗ್ ಪೇಪರಿನ ಪಟ್ಟಿ ಇಟ್ಟು, ಅದನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತಾ ಹಾಳೆಗಳನ್ನು ಇಳಿಸುತ್ತೇನೆ. ನಂತರ ವಾಲ್‌ಪೇಪರಿನ ಅಂಚು ಒತ್ತುವ ಪುಟ್ಟ ರೋಲರಿನಿಂದ ಒಳಗಿನಿಂದ ಹೊರಕ್ಕೆ ಬಲವಾಗಿ ಉಜ್ಜಬೇಕು. ಸಂಧಿಗಳ ಮೇಲೆ 25 ಮಿ.ಮೀ. ಅಗಲದ ಪಟ್ಟಿಯನ್ನು ಮತ್ತೊಂದು ಪದರವಾಗಿ ಹಾಕಿ, ಒಂದು ಇಡೀ ದಿನ ಎಳೆಯದೆ ಬಿಡುತ್ತೇನೆ. ಹೆಪ್ಟೇನ್‌ನ ಆವಿ ಬೇಗ ಹೊತ್ತಿಕೊಳ್ಳುತ್ತದೆ, ತಲೆಯನ್ನೂ ಸುತ್ತಿಸುತ್ತದೆ. ಕಿಟಕಿಗಳೆಲ್ಲ ತೆರೆದಿರಬೇಕು, ಹತ್ತಿರದಲ್ಲಿ ಒಲೆ, ಹೀಟರ್, ದೀಪದ ಕಿಡಿ ಏನೂ ಇರಬಾರದು. ಇದನ್ನು ಅಡುಗೆಮನೆಯಲ್ಲಿ ಮಾಡಲೇಬಾರದು.

ಇನ್ನು ಬಾಯಿಗಳು. ಮಣಿಕಟ್ಟಿನ ಪಟ್ಟಿಯನ್ನು ಶಂಕುವಿನಂತೆ ಬೇಕಾದುದಕ್ಕಿಂತ ಉದ್ದವಾಗಿ, ಕಿರಿದಾಗಿ ಮಾಡಿ, ತೊಟ್ಟು ನೋಡಿ, ಬಿಗಿಯೆನಿಸಿದರೆ ತುದಿಯಿಂದ ಒಂದೊಂದೇ ಉಂಗುರವನ್ನು ಕತ್ತರಿಸುತ್ತಾ ಬರಬೇಕು. ಮುಷ್ಟಿ ಬಿಗಿದಾಗ ಮಣಿಕಟ್ಟಿನ ಒಳಮಗ್ಗುಲಲ್ಲಿ ಸ್ನಾಯುಗಳ ಹುರಿಗಳು (ಟೆಂಡನ್) ಎದ್ದು ಅವುಗಳ ನಡುವೆ ಕಾಲುವೆಯಂಥ ಸಂದು ಮೂಡುತ್ತದೆ, ನೀರು ಬರುವುದು ಅಲ್ಲಿಂದಲೇ. ಆದ್ದರಿಂದ ಪಟ್ಟಿಯ ಸಮತಲ ಭಾಗ ಆ ಹುರಿಗಳನ್ನು ದಾಟಿ ಮುಂಗೈಯ ಮೇಲೂ ಕನಿಷ್ಠ 6-7 ಸೆಂ.ಮೀ. ಹಬ್ಬಿರುವಂತೆ ಮಾಡಿದ್ದೇನೆ.

ಅಂಗಿಗೆ ಸೇರಿದಂತೆಯೇ ಟೊಪ್ಪಿಗೆಯಿದೆ, ಅದರ ಅಂಚು ಹಣೆ, ಕೆನ್ನೆ, ಗಲ್ಲದ ಕೆಳಭಾಗವನ್ನು ಸುತ್ತುವರಿದು ಕೂರುತ್ತದೆ. ಇದರಿಂದ ಒಂದು ದೊಡ್ಡ ಅನುಕೂಲವಿದೆ: ಕುತ್ತಿಗೆಗೆ ಬಿಗಿಯಾದ ಪಟ್ಟಿ ಬೇಕಾಗುವುದಿಲ್ಲ. ಕುತ್ತಿಗೆಯ ಪಕ್ಕದ ರಕ್ತನಾಳಗಳ ಮೇಲೆ ಒತ್ತಡ ಬಿದ್ದರೆ ತಲೆಸುತ್ತಿ ಪ್ರಜ್ಞೆ ತಪ್ಪುವ ಅಪಾಯವಿರುತ್ತದೆ. ಮುಖದ ಅಂಚಿನ ಕೆಳಗೆ ಒಂದೇ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ, ಗಡ್ಡವಿರುವವರಿಗೆ ಈ ಮಾದರಿ ಹೊಂದುವುದೇ ಇಲ್ಲ. ಟೊಪ್ಪಿಗೆಯ ಒಳಗೆ ತೆಳುವಾದ ಉಣ್ಣೆಯ ಟೋಪಿಯನ್ನು ಹಾಕಿಕೊಳ್ಳುವುದು ಬರೀ ಬೆಚ್ಚಗಿರಲೆಂದಲ್ಲ. ರಬ್ಬರು ಕಿವಿಯ ಮೇಲೆ ನೇರವಾಗಿ ಅಂಟಿಕೊಂಡರೆ ಕಿವಿಯ ಹೊರನಾಳದಲ್ಲಿ ಗಾಳಿ ಸೆರೆಯಾಗುತ್ತದೆ. ಕೆಳಗೆ ಇಳಿಯುವಾಗ ಮೂಗು ಹಿಡಿದು ಊದಿ ನಡುಗಿವಿಯ ಒತ್ತಡವನ್ನು ಏರಿಸಿಕೊಂಡರೂ ಹೊರಗಡೆಯದು ಏರದೆ ತಮಟೆ ಹೊರಕ್ಕೆ ಉಬ್ಬಿ ನೋಯುತ್ತದೆ. ಸೂಟಿನೊಳಗಿನ ಗಾಳಿ ಕಿವಿಯವರೆಗೆ ಹರಿಯಲು ಉಣ್ಣೆ ದಾರಿ ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಕಾಗಿರುವುದು ಸೊಂಟಕ್ಕೆ. ಪ್ಯಾಂಟಿನ ಮೇಲಂಚು ಎದೆಯವರೆಗೆ ಬರುತ್ತದೆ, ಅಂಗಿಯ ಕೆಳಂಚು ತೊಡೆಯವರೆಗೆ ಇಳಿಯುತ್ತದೆ. ಮೊದಲು ಪ್ಯಾಂಟು, ಅದರ ಮೇಲೆ ಅಂಗಿ. ಅಂಗಿಯ ಅಂಚನ್ನು ಮೇಲಕ್ಕೆ ಮಡಚಿ, ಪ್ಯಾಂಟಿನ ಅಂಚನ್ನು ಅದಕ್ಕೆ ಸರಿಯಾಗಿ ಜೋಡಿಸಿ, ಎರಡೂ ಪದರಗಳ ನಡುವೆ ಸುಕ್ಕಿಲ್ಲದಂತೆ ಅಂಗೈಯಿಂದ ಸುತ್ತಲೂ ಸವರಬೇಕು. ನಂತರ ಎರಡನ್ನೂ ಒಟ್ಟಿಗೆ ಹಿಡಿದು, ಚಾಪೆ ಸುತ್ತಿದಂತೆ, ಸೊಂಟದ ಕಡೆಗೆ ಬಿಗಿಯಾಗಿ ಸುರುಳಿ ಸುತ್ತುತ್ತಾ ಬರಬೇಕು. ಬೆನ್ನಿನ ಕಡೆ ಕಣ್ಣಿಗೆ ಕಾಣದ್ದರಿಂದ ಬೆರಳಿನ ತುದಿಯನ್ನೇ ನಂಬಬೇಕು. ಸುರುಳಿಯ ದಪ್ಪ ಎಲ್ಲ ಕಡೆಯೂ ಒಂದೇ ಸಮನಾಗಿದ್ದರೆ ಒಳಗೆ ಸುಕ್ಕಿಲ್ಲವೆಂದು ಅರ್ಥ. ಎಲ್ಲಾದರೂ ಓರೆಯಾದ ಗೆಣ್ಣು ಕೈಗೆ ಸಿಕ್ಕಿದರೆ ಅದು ನೀರಿನ ಕಾಲುವೆ, ಪೂರ್ತಿ ಬಿಚ್ಚಿ ಮತ್ತೆ ಸುತ್ತುವುದೇ ಸರಿ. ಸುರುಳಿಯ ಮೇಲೆ ಒಂದು ಗೇಣು ಅಗಲದ ರಬ್ಬರ್ ಪಟ್ಟಿಯನ್ನು ಏರಿಸಿ ಬಿಗಿ ಮಾಡುತ್ತೇನೆ. ಮೇಲಕ್ಕೆ ತೇಲದಂತೆ ಕಟ್ಟಿಕೊಳ್ಳುವ ತೂಕದ ಬೆಲ್ಟು ಈ ಪಟ್ಟಿಯ ಕೆಳಗೆ ಇರಬೇಕು, ಸುರುಳಿಯ ಮೇಲೆ ಕೂರಬಾರದು.

ನೀರಿಗೆ ಇಳಿಯುವ ಮುಂಚೆ ಪರೀಕ್ಷೆ ಮಾಡಲೇಬೇಕು. ಮಣಿಕಟ್ಟಿನ ಬಾಯಿಗಳಿಗೆ ಬಾಟಲಿಗಳನ್ನು ತುರುಕಿ, ಉಳಿದ ಬಾಯಿಗಳನ್ನು ಕಟ್ಟಿ, ಹಾಸಿಗೆಗೆ ಗಾಳಿ ತುಂಬುವ ಪಂಪಿನಿಂದ ಮೆಲ್ಲಗೆ ಉಬ್ಬಿಸಿ, ಪ್ರತಿ ಗೆರೆಗೂ ಸಾಬೂನು ನೀರು ಬಳಿದೆ. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಒಣಗಿಸಿ, ಒಳಗಿನಿಂದ ತೇಪೆ ಅಂಟಿಸುವುದು ಸುಲಭದ ಕೆಲಸ.

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ಬೆಚ್ಚನೆಯ ಕಡಲಿನಲ್ಲಿ ಇಂಥ ಉಡುಪಿಗೆ ಕೆಲಸವೇ ಇಲ್ಲ. ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಎಂಬ ಹಳೆಯ ಗ್ರಾನೈಟ್ ಕ್ವಾರಿಯಲ್ಲಿ ಚಳಿಗಾಲದ ನೀರು 5-6 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಅಲ್ಲಿ ಇದರ ಬೆಲೆ ತಿಳಿಯುತ್ತದೆ. ಕುತ್ತಿಗೆಯವರೆಗೆ ನೀರಿಗೆ ಇಳಿದು ನಿಂತು, ಮುಖದ ಅಂಚಿನೊಳಗೆ ಒಂದು ಬೆರಳು ತೂರಿಸಿದರೆ ನೀರಿನ ಒತ್ತಡವೇ ಒಳಗಿನ ಹೆಚ್ಚುವರಿ ಗಾಳಿಯನ್ನು ಹೊರದಬ್ಬುತ್ತದೆ. ರಬ್ಬರು ಕಾಲಿನಿಂದ ಮೇಲಕ್ಕೆ ಮೈಗೆ ಅಂಟುತ್ತಾ ಬರುವುದು ಗೊತ್ತಾಗುತ್ತದೆ. ಹಾಗೆಂದು ಪೂರ್ತಿ ಗಾಳಿ ತೆಗೆದರೆ ಚಳಿ ಹತ್ತುತ್ತದೆ, ಬಿಟ್ಟರೆ ಈಜುವಾಗ ಪಾದಗಳಿಗೆ ಏರಿ ಕಾಲು ಮೇಲಾಗಿ ತಲೆಕೆಳಗಾಗುವ ಭಯ. ಅದಕ್ಕಾಗಿ ಕಣಕಾಲಿಗೆ ಪಟ್ಟಿ ಕಟ್ಟುತ್ತೇನೆ.

ಆಳದ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಾಲ್ವ್ ಇಲ್ಲದ ಸೂಟಿನೊಳಗಿನ ಗಾಳಿ, ಆಳಕ್ಕೆ ಹೋದಂತೆ ಏರುವ ಒತ್ತಡಕ್ಕೆ ಸಿಕ್ಕಿ, ಬಾಯ್ಲ್ ನಿಯಮದಂತೆ ಕುಗ್ಗುತ್ತದೆ: ಮೇಲೆ 6 ಲೀಟರ್ ಇದ್ದುದು 5 ಮೀಟರ್ ಆಳದಲ್ಲಿ 4 ಲೀಟರ್, 10 ಮೀಟರಿನಲ್ಲಿ 3 ಲೀಟರ್. ಒಂದೊಂದು ಲೀಟರ್ ಕುಗ್ಗಿದಾಗಲೂ ತೇಲುವ ಬಲ ಸುಮಾರು ಒಂದು ಕಿಲೋ ಕಡಿಮೆಯಾಗುತ್ತದೆ, ರಬ್ಬರಿನ ಮಡಿಕೆಗಳು ಚರ್ಮವನ್ನು ಚಿವುಟಿ ಕೆಂಪು ಬರೆಗಳನ್ನು ಮೂಡಿಸುತ್ತವೆ. ಆದ್ದರಿಂದ 5 ಮೀಟರಿನ ಕೆಳಗೆ ನಾನು ಇದನ್ನು ಒಯ್ಯುವುದಿಲ್ಲ, ತರಬೇತಿ ಪಡೆದ ಜೊತೆಗಾರರಿಲ್ಲದೆ ಇಳಿಯುವುದೂ ಇಲ್ಲ. ಸೂಟಿನೊಳಗೆ ನೀರು ತುಂಬಿದರೆ ಕಲ್ಲಿನಂತೆ ಮುಳುಗುತ್ತೇವೆಂಬ ನಂಬಿಕೆ ಸರಿಯಲ್ಲ. ನೀರಿನೊಳಗೆ ನೀರಿಗೆ ಭಾರವಿಲ್ಲ. ಆದರೆ ತೇಲಿಸುತ್ತಿದ್ದ ಗಾಳಿ ಹೋಗಿರುತ್ತದೆ, ಬೆಚ್ಚಗಿನ ಆಸರೆ ಹೋಗಿರುತ್ತದೆ, ದಡಕ್ಕೆ ಏರುವಾಗ ಆ ನೀರಿನ ಅಷ್ಟೂ ತೂಕವನ್ನು ಹೊರಬೇಕಾಗುತ್ತದೆ. ಕೈಯಲ್ಲಿ ಬಿಚ್ಚಲು ಬರುವ ತೂಕದ ಬೆಲ್ಟ್ ಅನಿವಾರ್ಯವಾಗಿರುವುದು ಇದಕ್ಕೇ.

ಲ್ಯಾಟೆಕ್ಸಿಗೆ ಬಿಸಿಲು, ಎಣ್ಣೆ, ತಾಮ್ರ ಮೂರೂ ಆಗದು. ತೊಡುವ ಮುಂಚೆ ಮೈಗೆ ಕ್ರೀಮ್, ತಲೆಗೆ ಎಣ್ಣೆ ಹಚ್ಚಬಾರದು. ಹಿತ್ತಾಳೆಯ ಕೊಕ್ಕೆಗೆ ತೂಗುಹಾಕಿದರೆ ತಾಗಿದ ಕಡೆ ಕಲೆ ಬಿದ್ದು ರಬ್ಬರು ಹಾಳಾಗುತ್ತದೆ. ಸಿಹಿನೀರಿನಲ್ಲಿ ತೊಳೆದು, ಒಳಹೊರಗು ನೆರಳಿನಲ್ಲಿ ಒಣಗಿಸಿ, ಟಾಲ್ಕ್ ಪುಡಿ ಸವರಿ, ಬೆಳಕು ಬೀಳದ ಪೆಟ್ಟಿಗೆಯಲ್ಲಿ ಚೂಪಾದ ಮಡಿಕೆ ಬೀಳದಂತೆ ಸಡಿಲವಾಗಿ ಇಡುತ್ತೇನೆ. ಎಷ್ಟು ಜೋಪಾನ ಮಾಡಿದರೂ ತೆಳುವಾದ ಮುಖದ ಅಂಚೇ ಮೊದಲು ಸೋಲುತ್ತದೆ, ಎಳೆದು ಹಿಡಿದಾಗ ಸಣ್ಣ ಬಿರುಕುಗಳು ಕಾಣತೊಡಗುತ್ತವೆ. ಆಗ ಹಳೆಯದನ್ನು ಜೋಡಣೆಗಿಂತ ಸ್ವಲ್ಪ ಹೊರಗೆ ಕತ್ತರಿಸಿ, ಉಳಿದ ಪಟ್ಟಿಯ ಮೇಲೆ ಹೊಸ ಅಂಚನ್ನು ಅಂಟಿಸಬಹುದು. ಟೊಪ್ಪಿಗೆಯ ನಕ್ಷೆಯನ್ನು ದಪ್ಪ ಕಾಗದದ ಮೇಲೆ ತೆಗೆದಿಟ್ಟುಕೊಂಡಿದ್ದರೆ ಅದು ಒಂದು ಸಂಜೆಯ ಕೆಲಸ.